ಎರಡು ರಾತ್ರಿಯ ತಂಡ ಶಿಬಿರ: ನಮ್ಮ ಫುಟ್‌ಬಾಲ್ ಮಕ್ಕಳಿಗೆ ಇದರಿಂದ ದೊರೆಯುವುದೇನು?

ತರಬೇತುದಾರ, ವಿರಾಜಪೇಟೆ:

ದಸರಾ ರಜೆಯಲ್ಲಿ ನಮ್ಮ ಹದಿನಾಲ್ಕು ವರ್ಷದೊಳಗಿನ ಫುಟ್‌ಬಾಲ್ ತಂಡದ ಮಕ್ಕಳನ್ನು ಎರಡು ರಾತ್ರಿ ಒಂದೇ ಕಡೆ ಉಳಿಸಿಕೊಂಡು ಶಿಬಿರ ನಡೆಸೋಣವೆಂದು ಪೋಷಕರ ಮುಂದೆ ಹೇಳಿದಾಗ ಬಹುತೇಕರು ಕೇಳಿದ್ದು ಒಂದೇ ಪ್ರಶ್ನೆ. ಹಗಲೆಲ್ಲ ಆಡಿಸಿ ಸಂಜೆ ಮನೆಗೆ ಕಳುಹಿಸಿದರೆ ಸಾಲದೇ, ರಾತ್ರಿ ಏಕೆ ಉಳಿಯಬೇಕು? ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ನನ್ನ ಉತ್ತರವನ್ನು ಇಲ್ಲಿ ವಿವರವಾಗಿ ಬರೆಯುತ್ತೇನೆ. ಒಪ್ಪದವರು ದಯವಿಟ್ಟು ತಮ್ಮ ಕಾರಣಗಳನ್ನೂ ಬರೆಯಬೇಕು, ಏಕೆಂದರೆ ಶಿಬಿರ ನಡೆಯುವುದಾದರೆ ಅದರ ನಿಯಮಗಳು ಈ ಚರ್ಚೆಯಿಂದಲೇ ಬರಬೇಕೆಂಬುದು ನನ್ನ ಆಸೆ.

ನಮ್ಮ ಜಿಲ್ಲೆಯಲ್ಲಿ ತರಬೇತಿ ಎಷ್ಟು ಹೊತ್ತಿಗೆ ಮುಗಿಯಬೇಕೆಂಬುದು ತರಬೇತುದಾರನ ಕೈಯಲ್ಲಿಲ್ಲ. ಕೊನೆಯ ಬಸ್ಸು ಹೊರಡುವ ಮುನ್ನ ಮಕ್ಕಳು ನಿಲ್ದಾಣ ಸೇರಬೇಕು. ಸಿದ್ದಾಪುರ, ಮಾಲ್ದಾರೆ, ಅಮ್ಮತ್ತಿ ಕಡೆಯವರಾದರೆ ಕತ್ತಲಾಗುವ ಮೊದಲೇ ತೋಟದ ರಸ್ತೆ ದಾಟಿ ಮನೆ ಮುಟ್ಟಿರಬೇಕು, ಆ ಹೊತ್ತಿಗೆ ಆನೆಗಳು ಇಳಿಯುತ್ತವೆ. ಹೀಗಾಗಿ ಶಾಲೆ ಬಿಟ್ಟ ಮೇಲೆ ಸಿಗುವ ಅವಧಿಯಲ್ಲಿ ಬೂಟು ಕಟ್ಟಿ, ಮೈ ಬಿಸಿ ಮಾಡಿಕೊಂಡು, ಸ್ವಲ್ಪ ಆಡುವಷ್ಟರಲ್ಲಿ ಅರ್ಧದಷ್ಟು ಮಕ್ಕಳು ಚೀಲ ಹೆಗಲಿಗೇರಿಸಿಕೊಂಡಿರುತ್ತಾರೆ. ಒಂದೇ ಊರಿನ, ಒಂದೇ ಬೀದಿಯ ಮಕ್ಕಳಾದರೆ ತರಬೇತಿಯ ನಂತರವೂ ಆಟದ ಮಾತು ಮುಂದುವರಿಯುತ್ತದೆ. ನಮ್ಮಲ್ಲಿ ಒಬ್ಬನ ಮನೆಗೂ ಇನ್ನೊಬ್ಬನ ಮನೆಗೂ ನಡುವೆ ಹಲವು ಮೈಲಿ ಕಾಫಿ ತೋಟವಿದೆ. ಮೈದಾನದಿಂದ ಹೊರಬಿದ್ದ ಕೂಡಲೇ ತಂಡವೆಂಬುದು ಇರುವುದಿಲ್ಲ.

ಎರಡನೆಯ ಕಾರಣ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮೈದಾನಗಳಲ್ಲಿ ಚೆಂಡು ಉರುಳುವುದಿಲ್ಲ, ನೀರಿನಲ್ಲಿ ನಿಂತುಬಿಡುತ್ತದೆ. ನೆಲದ ಮೇಲೆ ಕೊಟ್ಟ ಪಾಸ್ ಎರಡು ಗಜ ಹೋಗಿ ನಿಲ್ಲುವ ಮೈದಾನದಲ್ಲಿ ಮಕ್ಕಳು ಸಹಜವಾಗಿಯೇ ಚೆಂಡನ್ನು ಮೇಲಕ್ಕೆತ್ತಿ ದೂರ ಒದೆಯುವುದನ್ನು ರೂಢಿಸಿಕೊಳ್ಳುತ್ತಾರೆ. ಮಳೆ ಹಿಂಗಿ ನೆಲ ಗಟ್ಟಿಯಾಗುವುದಕ್ಕೂ ಪಂದ್ಯಗಳು ಆರಂಭವಾಗುವುದಕ್ಕೂ ನಡುವೆ ನಮಗೆ ದೊರೆಯುವ ಕಾಲ ಬಹಳ ಕಡಿಮೆ. ದಸರಾ ರಜೆ ಸರಿಯಾಗಿ ಆ ಸಂಧಿಯಲ್ಲಿ ಬರುತ್ತದೆ.

ಮೂರನೆಯದು ಆಟದ ಒಳಗಿನ ವಿಷಯ. ನನಗೆ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಹನ್ನೆರಡು ವರ್ಷದವರೆಗೆ ಸಣ್ಣ ಮೈದಾನದಲ್ಲಿ, ಕಡಿಮೆ ಆಟಗಾರರೊಂದಿಗೆ ಆಡಿ ಬಂದ ಮಕ್ಕಳು ಈಗ ಹನ್ನೊಂದು ಮಂದಿಯ ಆಟಕ್ಕೆ, 7.32 ಮೀಟರ್ ಅಗಲದ ಗೋಲಿಗೆ ಹೊಂದಿಕೊಳ್ಳಬೇಕಾಗಿದೆ. ಹಿಂದಿನ ಸಾಲಿನ ನಾಲ್ವರು ಡಿಫೆಂಡರ್‌ಗಳು ಒಟ್ಟಿಗೆ ಮುಂದೆ ಬರಬೇಕು, ಒಟ್ಟಿಗೆ ಹಿಂದೆ ಸರಿಯಬೇಕು. ಒಬ್ಬ ಹಿಂದೆ ಉಳಿದರೂ ಎದುರಾಳಿ ಆಫ್‌ಸೈಡ್ (ಪಾಸ್ ಕೊಡುವಾಗ ಈ ಸಾಲನ್ನು ದಾಟಿ ಗೋಲಿನ ಹತ್ತಿರ ನಿಂತ ತಪ್ಪು) ಆಗುವುದಿಲ್ಲ. ಇದು ಕಾಲಿನ ಚಳಕದಿಂದ ಬರುವ ವಿದ್ಯೆಯಲ್ಲ. ಪಕ್ಕದವನು ಯಾವಾಗ ಹೆಜ್ಜೆ ಇಡುತ್ತಾನೆ, ಯಾವಾಗ ಹಿಂಜರಿಯುತ್ತಾನೆ ಎಂಬುದನ್ನು ಅರಿಯುವುದರಿಂದ ಬರುತ್ತದೆ. ಎದುರಾಳಿ ಒದ್ದ ಚೆಂಡು ಗೋಲು ಗೆರೆಯಾಚೆ ಹೋದಾಗ ನಮ್ಮವರು ಒದ್ದು ಆಟ ಮುಂದುವರಿಸುವ ಗೋಲ್ ಕಿಕ್ ಕೂಡ ಹಾಗೆಯೇ. 2019ರಲ್ಲಿ ನಿಯಮ ಬದಲಾದ ಮೇಲೆ ಚೆಂಡು ಗೋಲಿನ ಮುಂದೆ ಗೆರೆ ಎಳೆದ ಪೆನಾಲ್ಟಿ ಏರಿಯಾದಿಂದ ಹೊರಗೆ ಹೋಗುವವರೆಗೆ ಕಾಯಬೇಕಾಗಿಲ್ಲ; ಗೋಲ್‌ಕೀಪರ್ ಒದ್ದ ಚೆಂಡನ್ನು ಡಿಫೆಂಡರ್ ಏರಿಯಾದ ಒಳಗೇ ಪಡೆಯಬಹುದು. ಆದರೆ ನಮ್ಮ ಗೋಲ್‌ಕೀಪರ್ ಇಂದಿಗೂ ಕಣ್ಣುಮುಚ್ಚಿ ದೂರ ಒದೆಯುತ್ತಾನೆ, ಏಕೆಂದರೆ ಹತ್ತಿರ ನಿಂತವನು ಆ ಚೆಂಡನ್ನು ಕೇಳುವುದೇ ಇಲ್ಲ. ಕೇಳುವ ಧೈರ್ಯ ಬರಬೇಕಾದರೆ ತಪ್ಪಿದರೂ ತಂಡದವರು ಬೈಯುವುದಿಲ್ಲವೆಂಬ ನಂಬಿಕೆ ಇರಬೇಕು. ಒಟ್ಟಿಗೆ ಉಂಡು, ಒಂದೇ ಕೋಣೆಯಲ್ಲಿ ಮಲಗಿ, ಬೆಳಿಗ್ಗೆ ಒಟ್ಟಿಗೆ ಎದ್ದ ಮಕ್ಕಳಲ್ಲಿ ಅಂಥ ನಂಬಿಕೆ ಬೇಗ ಹುಟ್ಟುತ್ತದೆ ಎಂಬುದು ನಾನು ಕಂಡುಕೊಂಡ ಸತ್ಯ.

ಪೋಷಕ, ಕುಶಾಲನಗರ:

ತರಬೇತುದಾರರ ಕಾಳಜಿಯ ಬಗ್ಗೆ ನನಗೆ ಸಂದೇಹವಿಲ್ಲ, ಆದರೂ ಶಿಬಿರವನ್ನು ಒಪ್ಪಲು ಮನಸ್ಸಾಗುತ್ತಿಲ್ಲ. ಆಟದ ಕೌಶಲ ಬೆಳೆಯುವುದು ವಾರ ವಾರವೂ ತಪ್ಪದೆ ನಡೆಯುವ ಅಭ್ಯಾಸದಿಂದ. ಎರಡು ರಾತ್ರಿ ಒಟ್ಟಿಗೆ ಇದ್ದು ಬಂದ ಮಕ್ಕಳು ಮುಂದಿನ ಭಾನುವಾರ ಉತ್ಸಾಹದಿಂದ ಆಡಿಯಾರು, ತಿಂಗಳು ಕಳೆದರೆ ಮತ್ತೆ ಮೊದಲಿನಂತೆಯೇ ಆಗುತ್ತಾರೆ. ಶಿಬಿರದ ಊಟ, ವಸತಿ, ವಾಹನಕ್ಕೆ ತಗಲುವ ಹಣದಲ್ಲಿ ಒಳ್ಳೆಯ ಚೆಂಡುಗಳನ್ನು ಕೊಳ್ಳಬಹುದು, ದೂರದ ಮಕ್ಕಳಿಗೆ ವಾರದಲ್ಲಿ ಒಂದು ದಿನ ಜೀಪಿನ ವ್ಯವಸ್ಥೆ ಮಾಡಬಹುದು. ಅಂಥ ಅನುಕೂಲ ಇಡೀ ಋತುವಿಗೆ ಉಳಿಯುತ್ತದೆ.

ಇನ್ನೊಂದು ಮಾತು. ಅನೇಕ ಶಿಬಿರಗಳಲ್ಲಿ ಮೂರು ದಿನದಲ್ಲಿ ಮೂರು ತಿಂಗಳಿನದನ್ನು ತುಂಬಿಸುವ ಆತುರ ಕಾಣುತ್ತದೆ. ಬೆಳಿಗ್ಗೆ ಐದಕ್ಕೆ ಓಟ, ಹತ್ತಕ್ಕೆ ಅಭ್ಯಾಸ, ಮಧ್ಯಾಹ್ನ ಪಂದ್ಯ, ಸಂಜೆ ಮತ್ತೆ ಓಟ. ಮನೆಗೆ ಮರಳಿದ ಮಗು ಕುಂಟುತ್ತಾ ಬಂದರೆ ಅದನ್ನು ಶ್ರಮವೆಂದು ಹೊಗಳುವ ರೂಢಿಯೂ ಇದೆ. ಅದು ನನಗೆ ಸರಿಕಾಣುವುದಿಲ್ಲ.

ಶುಶ್ರೂಷಕಿ, ಮಡಿಕೇರಿ:

ಕುಶಾಲನಗರದವರ ಕೊನೆಯ ಮಾತನ್ನು ನಾನು ಪೂರ್ಣವಾಗಿ ಅನುಮೋದಿಸುತ್ತೇನೆ. ಶಿಬಿರ ಬೇಡವೆನ್ನುವುದಕ್ಕಲ್ಲ, ಅದು ಹೇಗಿರಬೇಕೆಂದು ಹೇಳುವುದಕ್ಕಾಗಿ.

ಹನ್ನೊಂದರಿಂದ ಹದಿನೈದರ ನಡುವೆ ಮಕ್ಕಳು ಬಹಳ ಬೇಗ ಎತ್ತರವಾಗುತ್ತಾರೆ. ಮೂಳೆ ಬೆಳೆಯುವ ವೇಗಕ್ಕೆ ಸ್ನಾಯುಗಳು ಹೊಂದಿಕೊಳ್ಳಲು ಸಮಯ ಬೇಕಾಗುತ್ತದೆ; ಸ್ನಾಯುರಜ್ಜು ಬಂದು ಮೂಳೆಗೆ ಸೇರುವ ಜಾಗದಲ್ಲಿ ಎಳೆತ ಹೆಚ್ಚುತ್ತದೆ. ಮೊಣಕಾಲ ಚಿಪ್ಪಿನ ಸ್ವಲ್ಪ ಕೆಳಗೆ ಉಬ್ಬಿದಂತಾಗಿ ಮುಟ್ಟಿದರೆ ನೋವಾಗುವುದನ್ನು ಆಸ್‌ಗುಡ್ ಶ್ಲಾಟರ್ ಎಂದೂ, ಹಿಮ್ಮಡಿಯ ಹಿಂಭಾಗ ನೋಯುವುದನ್ನು ಸೀವರ್ ಎಂದೂ ವೈದ್ಯರು ಕರೆಯುತ್ತಾರೆ. ಓಟ ಮತ್ತು ನೆಗೆತವಿರುವ ಆಟಗಳಲ್ಲಿ ಇವು ಸಾಮಾನ್ಯ, ವಿಶ್ರಾಂತಿ ಕೊಟ್ಟರೆ ವಾಸಿಯಾಗುತ್ತವೆ. ವಾರಕ್ಕೆ ಎರಡು ಸಂಜೆ ಆಡುವ ಮಗುವನ್ನು ಏಕಾಏಕಿ ದಿನಕ್ಕೆ ಮೂರು ಬಾರಿ ಮೈದಾನಕ್ಕಿಳಿಸಿದರೆ ಇಂಥ ನೋವು ಕೆರಳುತ್ತದೆ. ಆದ್ದರಿಂದ ದಿನಕ್ಕೆ ಎರಡೇ ಅವಧಿ ಇರಲಿ, ಅದರಲ್ಲಿ ಒಂದು ಹಗುರವಾಗಿರಲಿ. ಆಟಕ್ಕೆ ಮುನ್ನ ಮೈ ಬಿಸಿಮಾಡಲು ಫಿಫಾದ ‘11+’ ಎಂಬ ಕ್ರಮವಿದೆ. ಸುಮಾರು ಇಪ್ಪತ್ತು ನಿಮಿಷದ್ದು, ಗಾಯಗಳನ್ನು ತಗ್ಗಿಸುವುದಕ್ಕಾಗಿಯೇ ರೂಪಿಸಿದ್ದು. ಇನ್ನೂ ಚಿಕ್ಕವರಿಗೆ ಅದರದೇ ಮಕ್ಕಳ ರೂಪವೂ ಇದೆ. ಶಿಬಿರದಲ್ಲಿ ಅದನ್ನು ನಿಧಾನವಾಗಿ, ಭಂಗಿ ತಿದ್ದಿ ಕಲಿಸಿದರೆ ವರ್ಷವಿಡೀ ಉಪಯೋಗಕ್ಕೆ ಬರುತ್ತದೆ.

ನಿದ್ರೆಯ ವಿಷಯದಲ್ಲಿ ರಾಜಿ ಬೇಡ. ಆರರಿಂದ ಹನ್ನೆರಡು ವರ್ಷದವರಿಗೆ 9ರಿಂದ 12 ಗಂಟೆ, ಹದಿಮೂರರಿಂದ ಹದಿನೆಂಟರವರಿಗೆ 8ರಿಂದ 10 ಗಂಟೆ ನಿದ್ರೆ ಬೇಕೆಂಬುದು ನಿದ್ರಾ ತಜ್ಞರ ಶಿಫಾರಸು. ಹೊಸ ಜಾಗದಲ್ಲಿ, ಗೆಳೆಯರ ನಡುವೆ, ಮೊದಲ ರಾತ್ರಿ ಮಕ್ಕಳು ಮಲಗುವುದು ತಡವಾಗುತ್ತದೆ. ಅದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು ಮರುದಿನ ಬೆಳಗಿನ ಓಟವನ್ನು ಕೈಬಿಡಬೇಕು. ಫೋನುಗಳನ್ನು ರಾತ್ರಿಯೂಟದ ನಂತರ ಒಂದು ಪೆಟ್ಟಿಗೆಯಲ್ಲಿರಿಸಿ, ಮನೆಗೆ ಮಾತನಾಡಲು ನಿಗದಿತ ಸಮಯ ಕೊಡಬೇಕು.

ತಲೆಗೆ ಪೆಟ್ಟು ಬಿದ್ದು ಮಗು ತಬ್ಬಿಬ್ಬಾದರೆ, ವಾಂತಿ ಮಾಡಿದರೆ, ತಲೆನೋವೆಂದರೆ ಆ ದಿನ ಮತ್ತೆ ಆಡಿಸಲೇಬಾರದು, ಆಸ್ಪತ್ರೆಗೆ ಕರೆದೊಯ್ಯಬೇಕು. ಅಕ್ಟೋಬರ್‌ನ ರಾತ್ರಿಗಳು ನಮ್ಮಲ್ಲಿ ತಣ್ಣಗಿರುತ್ತವೆ, ಉಬ್ಬಸವಿರುವ ಮಕ್ಕಳ ಇನ್‌ಹೇಲರ್ ಚೀಲದ ತಳದಲ್ಲಿರದೆ ಜವಾಬ್ದಾರಿ ಹೊತ್ತ ಹಿರಿಯರ ಕೈಯಲ್ಲಿರಲಿ.

ತಾಯಿ, ಗೋಣಿಕೊಪ್ಪಲು:

ನನ್ನ ಮಗ ಈವರೆಗೆ ಅಜ್ಜಿಯ ಮನೆ ಬಿಟ್ಟರೆ ಬೇರೆಲ್ಲೂ ರಾತ್ರಿ ಉಳಿದವನಲ್ಲ. ಅವನನ್ನು ಕಳುಹಿಸಲು ನನಗೆ ಇಷ್ಟವಿದೆ, ಆದರೆ ಕೆಲವು ವಿಷಯಗಳನ್ನು ನೇರವಾಗಿ ಕೇಳಬೇಕಾಗಿದೆ. ಮಕ್ಕಳು ಮಲಗುವ ಕೋಣೆಯಲ್ಲಿ ಯಾವ ಹಿರಿಯರು ಇರುತ್ತಾರೆ? ರಾತ್ರಿ ಹೊಟ್ಟೆನೋವೆಂದು ಎದ್ದ ಮಗುವನ್ನು ಒಬ್ಬರೇ ಎಲ್ಲಿಗಾದರೂ ಕರೆದೊಯ್ಯುತ್ತಾರೆಯೇ? ಸ್ನಾನದ ಮನೆಗೆ ಬಾಗಿಲು, ಚಿಲಕ ಸರಿಯಾಗಿವೆಯೇ? ಪೋಷಕರು ಯಾವ ಹೊತ್ತಿನಲ್ಲಾದರೂ ಹೇಳದೆ ಬಂದು ನೋಡಬಹುದೇ? ಇವನ್ನು ಕೇಳುವುದರಿಂದ ಯಾರನ್ನೂ ಅನುಮಾನಿಸಿದಂತಾಗುವುದಿಲ್ಲ. ಕೇಳಿದಾಗ ಬೇಸರಿಸುವ ಆಯೋಜಕರಿದ್ದರೆ ಅಲ್ಲಿಗೆ ಮಗುವನ್ನು ಕಳುಹಿಸಬಾರದೆಂದು ನಾನು ತಿಳಿದಿದ್ದೇನೆ.

ತರಬೇತುದಾರ, ವಿರಾಜಪೇಟೆ:

ಗೋಣಿಕೊಪ್ಪಲಿನ ಅಕ್ಕನವರು ಕೇಳಿದ್ದು ಎಲ್ಲ ಪೋಷಕರೂ ಕೇಳಬೇಕಾದ ಪ್ರಶ್ನೆಗಳು. ಯಾವ ಹಿರಿಯರೂ ಒಂದು ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರುವಂತಿಲ್ಲ. ನನಗೂ ಇದೇ ನಿಯಮ. ಮಕ್ಕಳು ಒಂದು ದೊಡ್ಡ ಕೋಣೆಯಲ್ಲಿ ಮಲಗುತ್ತಾರೆ, ಹಿರಿಯರು ಪಕ್ಕದ ಕೋಣೆಯಲ್ಲಿ. ನಡುವಿನ ಬಾಗಿಲು ತೆರೆದಿರುತ್ತದೆ, ಹೊರಗಿನ ದೀಪ ಉರಿಯುತ್ತಿರುತ್ತದೆ. ರಾತ್ರಿ ಯಾರನ್ನಾದರೂ ಆಸ್ಪತ್ರೆಗೆ ಕರೆದೊಯ್ಯಬೇಕಾದರೆ ಇಬ್ಬರು ಹಿರಿಯರು ಹೋಗುತ್ತಾರೆ, ಹೊರಡುವ ಮುನ್ನ ಮನೆಗೆ ಕರೆ ಮಾಡುತ್ತಾರೆ. ಹದಿನೆಂಟು ವರ್ಷದೊಳಗಿನ ಎಲ್ಲರಿಗೂ ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ಕಾಪಾಡುವ 2012ರ ಪೋಕ್ಸೋ ಕಾಯ್ದೆಯ ರಕ್ಷಣೆಯಿದೆ ಎಂಬುದನ್ನು ಸಹಾಯಕ್ಕೆ ಬರುವ ಪ್ರತಿಯೊಬ್ಬರಿಗೂ ಮೊದಲೇ ತಿಳಿಸಲಾಗುವುದು. ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ಮಕ್ಕಳ ಕಣ್ಣಿಗೆ ಬೀಳುವ ಕಡೆ ಬರೆದು ಹಾಕುತ್ತೇವೆ. ಪೋಷಕರು ಯಾವ ಹೊತ್ತಿಗೂ ಬರಬಹುದು.

ಕುಶಾಲನಗರದವರಿಗೆ: ವಾರದ ಅಭ್ಯಾಸಕ್ಕೆ ಶಿಬಿರ ಬದಲಿಯಲ್ಲವೆಂಬ ನಿಮ್ಮ ಮಾತು ಸರಿ. ಆದರೆ ವಾರದ ಅಭ್ಯಾಸ ಫಲ ಕೊಡಬೇಕಾದರೆ ತಂಡಕ್ಕೆ ಒಂದು ಸಾಮಾನ್ಯ ತಿಳಿವಳಿಕೆ ಇರಬೇಕು. ನಮ್ಮ ತಂಡದಲ್ಲಿ ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತಮಿಳು, ತುಳು ಮಾತನಾಡುವ ಮಕ್ಕಳಿದ್ದಾರೆ. ಒತ್ತಡದಲ್ಲಿ ಪ್ರತಿಯೊಬ್ಬರೂ ತಮ್ಮ ಮನೆಮಾತಿನಲ್ಲೇ ಕೂಗುತ್ತಾರೆ, ಅದನ್ನು ಅರಿತವನು ಮಾತ್ರ ತಿರುಗುತ್ತಾನೆ. ಹಿಂದಿನಿಂದ ಎದುರಾಳಿ ಬರುತ್ತಿದ್ದಾನೆ, ತಿರುಗಲು ಸಮಯವಿದೆ, ಸಾಲು ಮುಂದೆ ಬರಲಿ ಎಂಬ ಮೂರ್ನಾಲ್ಕು ಕೂಗುಗಳನ್ನು ಎಲ್ಲರೂ ಒಂದೇ ರೀತಿಯಲ್ಲಿ ಬಳಸುವಂತೆ ಮಾಡಲು ಮೈದಾನವೇ ಬೇಕಾಗಿಲ್ಲ. ರಾತ್ರಿ ಊಟವಾದ ಮೇಲೆ ಹಾಲ್‌ನಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಹನ್ನೊಂದು ಮಂದಿಯನ್ನು ತಮ್ಮ ತಮ್ಮ ಜಾಗದಲ್ಲಿ ನಿಲ್ಲಿಸಿ, ಚೆಂಡು ಇಲ್ಲಿದ್ದರೆ ನೀನೆಲ್ಲಿ ಎಂದು ನಡೆದು ತೋರಿಸುವ ಅಭ್ಯಾಸವನ್ನು ಸಂಜೆಯ ಆತುರದ ಅವಧಿಯಲ್ಲಿ ಎಂದೂ ಮಾಡಲಾಗುವುದಿಲ್ಲ. ದೇಹಕ್ಕೆ ದಣಿವೂ ಇಲ್ಲ. ನಮ್ಮದೇ ಪಂದ್ಯದ ವಿಡಿಯೊವನ್ನು ಗೋಡೆಯ ಮೇಲೆ ಹಾಕಿ, ಗೋಲು ಬಿದ್ದ ಕ್ಷಣದಲ್ಲಿ ನಿಲ್ಲಿಸಿ, ತಪ್ಪು ಯಾರದೆಂದು ಕೇಳದೆ ಯಾರು ಎಲ್ಲಿದ್ದರೆ ತಡೆಯಬಹುದಿತ್ತೆಂದು ಮಕ್ಕಳಿಂದಲೇ ಹೇಳಿಸಬಹುದು.

ನಿವೃತ್ತ ದೈಹಿಕ ಶಿಕ್ಷಕ, ಸೋಮವಾರಪೇಟೆ:

ನಮ್ಮ ಜಿಲ್ಲೆಯನ್ನು ಎಲ್ಲರೂ ಹಾಕಿಯ ತವರೆಂದು ಕರೆಯುತ್ತಾರೆ, ಅದು ಸಲ್ಲಬೇಕಾದ ಗೌರವವೇ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಒಂದೇ ಒಕ್ಕದ (ಮನೆತನದ) ಹಿರಿಯರೂ ಕಿರಿಯರೂ ಹೆಣ್ಣುಮಕ್ಕಳೂ ಒಂದೇ ತಂಡದಲ್ಲಿ ಆಡುವುದನ್ನು ನಾವೆಲ್ಲ ಕಂಡಿದ್ದೇವೆ. ಅಲ್ಲಿ ಆಟಗಾರರು ಮೈದಾನಕ್ಕಿಳಿಯುವ ಮುನ್ನವೇ ಪರಸ್ಪರ ಬಲ್ಲವರು. ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿ ಒಟ್ಟಿಗೆ ಸೇರಿದವರು, ಮದುವೆ ಮುಂಜಿಗಳಲ್ಲಿ ಒಟ್ಟಿಗೆ ದುಡಿದವರು. ಫುಟ್‌ಬಾಲ್ ತಂಡಕ್ಕೆ ಆ ಹಿನ್ನೆಲೆಯಿಲ್ಲ. ಸುಂಟಿಕೊಪ್ಪದಂಥ ಕಡೆ ಫುಟ್‌ಬಾಲ್ ಊರಿನ ಉಸಿರಾಗಿರುವುದರಿಂದ ಅಲ್ಲಿನ ಮಕ್ಕಳು ಗೋಲ್ಡ್ ಕಪ್ ಪಂದ್ಯಗಳನ್ನು ನೋಡುತ್ತಾ ಒಟ್ಟಿಗೆ ಬೆಳೆಯುತ್ತಾರೆ. ಉಳಿದೆಡೆ ತೋಟದ ಮಗು, ಪೇಟೆಯ ಮಗು, ಆದಿವಾಸಿ ಹಾಡಿಯ ಮಗು ಮೊದಲ ಬಾರಿಗೆ ಭೇಟಿಯಾಗುವುದೇ ಮೈದಾನದಲ್ಲಿ. ಒಕ್ಕವು ಹಾಕಿ ತಂಡಕ್ಕೆ ಹುಟ್ಟಿನಿಂದ ಕೊಡುವುದನ್ನು ಫುಟ್‌ಬಾಲ್ ತಂಡ ಎಲ್ಲಿಂದಲಾದರೂ ಪಡೆಯಬೇಕಲ್ಲವೇ? ಶಿಬಿರವನ್ನು ನಾನು ಬೆಂಬಲಿಸುವುದು ಈ ಕಾರಣಕ್ಕೆ.

ಇನ್ನೊಂದು ಪ್ರಯೋಜನವನ್ನು ಯಾರೂ ಹೇಳಿಲ್ಲ. ನಮ್ಮಲ್ಲಿ ಆಯ್ಕೆ ಎಂದರೆ ಒಂದು ಬೆಳಗಿನ ಟ್ರಯಲ್ಸ್. ಆ ಬೆಳಿಗ್ಗೆ ಎತ್ತರವಿರುವ, ಬೇಗ ಬಲಿತ ಹುಡುಗ ಎದ್ದು ಕಾಣುತ್ತಾನೆ. ಒಂದೇ ವರ್ಷದ ಜನವರಿಯಲ್ಲಿ ಹುಟ್ಟಿದವನಿಗೂ ಡಿಸೆಂಬರ್‌ನಲ್ಲಿ ಹುಟ್ಟಿದವನಿಗೂ ಒಂದೇ ಅಳತೆಗೋಲು. ಮೂರು ಹಗಲು ಮಕ್ಕಳ ಜೊತೆ ಇದ್ದಾಗ ಮಾತ್ರ ಹೇಳಿದ್ದನ್ನು ಯಾರು ಬೇಗ ಗ್ರಹಿಸುತ್ತಾರೆ, ಸೋತಾಗ ಯಾರು ಎರಡನೆಯ ಬಾರಿ ಪ್ರಯತ್ನಿಸುತ್ತಾರೆ, ಚಿಕ್ಕವನಿಗೆ ಯಾರು ಜಾಗ ಬಿಟ್ಟುಕೊಡುತ್ತಾರೆ ಎಂಬುದು ತಿಳಿಯುತ್ತದೆ. ನಾನು ಕಲಿಸಿದವರಲ್ಲಿ ಮುಂದೆ ಒಳ್ಳೆಯ ಆಟಗಾರರಾದವರು ಟ್ರಯಲ್ಸ್‌ನಲ್ಲಿ ಎದ್ದು ಕಂಡವರೇ ಆಗಿರಲಿಲ್ಲ.

ತಂದೆ, ಸಿದ್ದಾಪುರದ ಬಳಿಯ ತೋಟ:

ನಾವು ತೋಟದ ಕಾರ್ಮಿಕರ ಲೈನ್ ಮನೆಯಲ್ಲಿರುವವರು. ರಜೆಯೆಂದರೆ ನಮಗೆ ರಜೆಯಲ್ಲ, ನಾನೂ ಹೆಂಡತಿಯೂ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕು. ಮನೆಯಲ್ಲಿ ಚಿಕ್ಕವಳನ್ನು ನೋಡಿಕೊಳ್ಳುವವನು ಫುಟ್‌ಬಾಲ್ ಆಡುವ ಈ ಮಗನೇ. ಅವನು ಮೂರು ದಿನ ಇಲ್ಲದಿದ್ದರೆ ನಮ್ಮಲ್ಲಿ ಒಬ್ಬರ ಕೂಲಿ ತಪ್ಪುತ್ತದೆ. ಶಿಬಿರ ಉಚಿತವೆಂದರೂ ನಮಗೆ ಅದರ ಖರ್ಚು ಇದ್ದೇ ಇರುತ್ತದೆ ಎಂಬುದು ನಿಮಗೆಲ್ಲ ತಿಳಿಯಲೆಂದು ಬರೆಯುತ್ತಿದ್ದೇನೆ.

ಹಾಗೆಂದು ಬೇಡವೆನ್ನುತ್ತಿಲ್ಲ. ಕತ್ತಲಾಗುವ ಮೊದಲು ಮನೆ ಸೇರಬೇಕಾದ್ದರಿಂದ ಅಭ್ಯಾಸದ ಕೊನೆಯಲ್ಲಿ ನಡೆಯುವ ಪಂದ್ಯವನ್ನು ನನ್ನ ಮಗ ಎಂದೂ ಪೂರ್ತಿ ಆಡಿದವನಲ್ಲ. ಆ ಬೇಸರ ಅವನಲ್ಲಿದೆ. ಎಲ್ಲರಷ್ಟೇ ಹೊತ್ತು ಅವನೂ ಆಡಲು ಸಿಗುವುದು ಇಂಥ ಶಿಬಿರದಲ್ಲಿ ಮಾತ್ರ. ನಾನು ಕೇಳುವುದು ಇಷ್ಟೇ: ಹೊದಿಕೆ, ಚೀಲ, ಟ್ರ್ಯಾಕ್‌ಸೂಟ್ ಇಂಥದ್ದೇ ಬೇಕೆಂದು ಪಟ್ಟಿ ಕೊಡಬೇಡಿ. ಕೆಲವು ಮಕ್ಕಳು ಆ ಪಟ್ಟಿಯನ್ನು ಮನೆಯಲ್ಲಿ ತೋರಿಸುವುದೇ ಇಲ್ಲ. ಹೊಟ್ಟೆನೋವೆಂದು ಹೇಳಿ ಶಿಬಿರ ತಪ್ಪಿಸಿಕೊಳ್ಳುತ್ತಾರೆ.

ಹಿಂದಿನ ಆಟಗಾರ್ತಿ, ಸುಂಟಿಕೊಪ್ಪ:

ಸಿದ್ದಾಪುರದ ಅಣ್ಣನವರ ಮಾತನ್ನು ಎಲ್ಲರೂ ಎರಡು ಬಾರಿ ಓದಬೇಕೆಂದು ವಿನಂತಿ. ಅವರ ಮನೆಯಲ್ಲಿ ಚಿಕ್ಕವಳನ್ನು ಅಣ್ಣ ನೋಡಿಕೊಳ್ಳುತ್ತಾನೆ; ಹೆಚ್ಚಿನ ಮನೆಗಳಲ್ಲಿ ಆ ಕೆಲಸ ಅಕ್ಕನದು. ಹೆಣ್ಣುಮಕ್ಕಳು ಹದಿಮೂರಕ್ಕೆ ಆಟ ಬಿಡುವುದು ಆಸಕ್ತಿ ಕುಂದಿದ್ದರಿಂದಲ್ಲ. ಇಷ್ಟು ಹೊತ್ತೂ ನೀವು ಮಗ, ಹುಡುಗ ಎಂದೇ ಬರೆಯುತ್ತಿದ್ದೀರಿ. ತಂಡದ ಅಭ್ಯಾಸಕ್ಕೆ ಬರುವ ಹುಡುಗಿಯರೂ ಇದ್ದಾರಲ್ಲವೇ? 2022ರ ಅಕ್ಟೋಬರ್‌ನಲ್ಲಿ ಹದಿನೇಳರೊಳಗಿನ ಹುಡುಗಿಯರ ವಿಶ್ವಕಪ್ ನಮ್ಮ ದೇಶದಲ್ಲೇ ನಡೆಯಿತು. ಆಗ ಟಿವಿಯ ಮುಂದೆ ಕುಳಿತು ನೋಡಿದ ಮಕ್ಕಳು ಈಗ ನಮ್ಮ ಶಿಬಿರದ ವಯಸ್ಸಿಗೆ ಬಂದಿದ್ದಾರೆ.

ಹುಡುಗಿಯರನ್ನು ಕರೆಯುವುದಾದರೆ ಪ್ರತ್ಯೇಕ ಕೋಣೆ, ಇಬ್ಬರಾದರೂ ಹಿರಿಯ ಮಹಿಳೆಯರು, ಸ್ವಚ್ಛವಾದ ಶೌಚಾಲಯ, ಪ್ಯಾಡ್‌ಗಳ ವ್ಯವಸ್ಥೆ ಮತ್ತು ಮುಟ್ಟಿನ ದಿನ ವಿಶ್ರಾಂತಿ ಬೇಕೆಂದರೆ ಕಾರಣ ಕೇಳದೆ ಒಪ್ಪುವ ಪದ್ಧತಿ ಇರಲೇಬೇಕು. ಅನುಕೂಲವಿಲ್ಲವೆಂದು ಹುಡುಗಿಯರನ್ನು ಸಂಜೆಗೆ ಮನೆಗೆ ಕಳುಹಿಸಿ ಹುಡುಗರನ್ನು ಮಾತ್ರ ಉಳಿಸಿಕೊಂಡರೆ, ತರಬೇತುದಾರರು ಹೇಳಿದ ಆ ರಾತ್ರಿಯ ಪಾಠ, ಆ ನಂಬಿಕೆ ಯಾವುದೂ ಅವರಿಗೆ ದಕ್ಕುವುದಿಲ್ಲ. ನಾನು ಎರಡೂ ರಾತ್ರಿ ಬಂದು ಉಳಿಯಲು ಸಿದ್ಧಳಿದ್ದೇನೆ.

ಪೋಷಕ, ಕುಶಾಲನಗರ:

ಲೈನ್ ಮನೆಯ ತಂದೆಯವರು ಬರೆದದ್ದನ್ನು ಓದಿದ ಮೇಲೆ ನನ್ನ ಆಕ್ಷೇಪ ಸ್ವಲ್ಪ ಸಡಿಲವಾಗಿದೆ. ನನ್ನ ಮಗನನ್ನು ನಾನೇ ಕಾರಿನಲ್ಲಿ ಕರೆತಂದು ಕರೆದೊಯ್ಯುವುದರಿಂದ ಅಭ್ಯಾಸ ಅರ್ಧಕ್ಕೆ ನಿಲ್ಲುವ ಕಷ್ಟ ನಮಗೆ ಇರಲಿಲ್ಲ. ಆದರೂ ಶಿಬಿರ ಒಂದೇ ಸಾಕೆಂದು ನಾನು ಒಪ್ಪುವುದಿಲ್ಲ. ದೂರದ ಮಕ್ಕಳಿಗೆ ವಾರಕ್ಕೊಮ್ಮೆ ಜೀಪು ಬೇಕೆಂಬ ಬೇಡಿಕೆಯನ್ನು ಶಿಬಿರದ ಜೊತೆಗೇ ತೀರ್ಮಾನಿಸಬೇಕು. ಅದಕ್ಕೆ ನನ್ನ ಪಾಲನ್ನು ಕೊಡುತ್ತೇನೆ.

ತಾಯಿ, ಗೋಣಿಕೊಪ್ಪಲು:

ದಿನಾಂಕದ ಬಗ್ಗೆ ಒಂದು ಸೂಚನೆ. ಆಯುಧಪೂಜೆ, ವಿಜಯದಶಮಿಯ ದಿನಗಳಲ್ಲಿ ಮಡಿಕೇರಿಯಲ್ಲೂ ನಮ್ಮ ಗೋಣಿಕೊಪ್ಪಲಿನಲ್ಲೂ ದಸರಾ ಇರುತ್ತದೆ, ರಸ್ತೆಗಳು ತುಂಬಿರುತ್ತವೆ. ತುಲಾ ಸಂಕ್ರಮಣಕ್ಕೆ ಅನೇಕ ಮನೆಯವರು ತಲಕಾವೇರಿಗೆ ಹೋಗುತ್ತಾರೆ. ಇವೆರಡನ್ನೂ ಬಿಟ್ಟು ದಿನ ಗೊತ್ತುಮಾಡಿ. ಊಟದ ವಿಷಯವನ್ನೂ ಮೊದಲೇ ತಿಳಿಸಿ.

ತರಬೇತುದಾರ, ವಿರಾಜಪೇಟೆ:

ಎಲ್ಲರ ಮಾತನ್ನೂ ಓದಿ ಇಷ್ಟನ್ನು ನಿರ್ಧರಿಸಿದ್ದೇನೆ. ಶಿಬಿರ ಹುಡುಗ ಹುಡುಗಿಯರಿಬ್ಬರಿಗೂ ನಡೆಯುತ್ತದೆ. ಸುಂಟಿಕೊಪ್ಪದವರೊಂದಿಗೆ ಇನ್ನೊಬ್ಬ ಮಹಿಳೆ ಉಳಿಯಲು ಒಪ್ಪಿದ ನಂತರವೇ ದಿನಾಂಕ ಪ್ರಕಟಿಸುತ್ತೇನೆ. ಒಪ್ಪಿಗೆ ಸಿಗದಿದ್ದರೆ ಹುಡುಗರ ಶಿಬಿರವನ್ನೂ ಮುಂದೂಡುತ್ತೇನೆ. ದಿನಕ್ಕೆ ಎರಡೇ ಅವಧಿ: ಬೆಳಗಿನದು ಚೆಂಡಿನೊಂದಿಗೆ ಪೂರ್ಣ ಅಭ್ಯಾಸ, ಸಂಜೆಯದು ಸಣ್ಣ ಗುಂಪುಗಳ ಹಗುರವಾದ ಆಟ. ತಲೆಯಿಂದ ಚೆಂಡು ಹೊಡೆಯುವ ಅಭ್ಯಾಸವನ್ನು ಈ ಶಿಬಿರದಲ್ಲಿ ಇಡುವುದಿಲ್ಲ. ರಾತ್ರಿ ಒಂಬತ್ತೂವರೆಗೆ ದೀಪ ಆರುತ್ತದೆ, ಬೆಳಿಗ್ಗೆ ಏಳರ ಮೊದಲು ಯಾರನ್ನೂ ಎಬ್ಬಿಸುವುದಿಲ್ಲ.

ಊಟ ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ, ಎಲ್ಲರೂ ಉಣ್ಣಬಹುದಾದ ಅಡುಗೆ: ಬೆಳಿಗ್ಗೆ ಅಕ್ಕಿ ರೊಟ್ಟಿ, ಪಲ್ಯ ಅಥವಾ ನೂಲ್‌ಪುಟ್ಟು, ಕಡಲೆ ಸಾರು, ಮಧ್ಯಾಹ್ನ ಅನ್ನ, ಸಾರು, ತರಕಾರಿ, ಮೊಸರು, ಬೇಕಾದವರಿಗೆ ಮೊಟ್ಟೆ. ಮಾಂಸದ ಅಡುಗೆ ಇರುವುದಿಲ್ಲ, ಇದರಿಂದ ಯಾವ ಮನೆಯ ಪದ್ಧತಿಗೂ ತೊಡಕಾಗುವುದಿಲ್ಲ. ಮನೆಯಿಂದ ತಂದ ತಿಂಡಿ ಎಲ್ಲರಿಗೂ ಹಂಚುವಂಥದ್ದಾಗಿರಬೇಕು. ಹೊದಿಕೆ, ಚಾಪೆಗಳನ್ನು ತಂಡದಿಂದಲೇ ಒದಗಿಸುತ್ತೇವೆ. ತರಬೇಕಾದ ವಸ್ತುಗಳ ಪಟ್ಟಿಯಲ್ಲಿ ಬದಲಿ ಬಟ್ಟೆ, ಟೂತ್ ಬ್ರಷ್, ದಿನವೂ ತೆಗೆದುಕೊಳ್ಳುವ ಔಷಧ ಬಿಟ್ಟು ಬೇರೇನೂ ಇರುವುದಿಲ್ಲ. ಬೂಟು ಸಣ್ಣದಾಗಿ ಮನೆಯಲ್ಲಿ ಉಳಿದಿದ್ದರೆ ದಯವಿಟ್ಟು ಮೊದಲೇ ಕೊಟ್ಟುಬಿಡಿ, ಅಳತೆ ನೋಡಿ ಬೇಕಾದವರಿಗೆ ಸದ್ದಿಲ್ಲದೆ ತಲುಪಿಸುತ್ತೇನೆ. ಮೈದಾನದ ಅಂಚಿನ ಹುಲ್ಲಿನಲ್ಲಿ ಇನ್ನೂ ಜಿಗಣೆಗಳಿರುತ್ತವೆ, ಉದ್ದ ಸಾಕ್ಸ್ ಇರುವವರು ಹಾಕಿಕೊಂಡು ಬರಲಿ.

ಸಿದ್ದಾಪುರದ ಅಣ್ಣನವರಿಗೆ: ನಿಮ್ಮ ಚಿಕ್ಕವಳನ್ನೂ ಹಗಲು ಹೊತ್ತು ಶಿಬಿರಕ್ಕೆ ಕರೆತನ್ನಿ. ಅಡುಗೆಗೆ ಬರುವ ತಾಯಂದಿರು ಅಂಥ ಮಕ್ಕಳನ್ನು ನೋಡಿಕೊಳ್ಳಲು ಒಪ್ಪಿದ್ದಾರೆ. ವಾರಕ್ಕೊಮ್ಮೆಯ ಜೀಪಿನ ಲೆಕ್ಕವನ್ನು ಕುಶಾಲನಗರದವರೇ ವಹಿಸಿಕೊಂಡರೆ ನನಗೆ ದೊಡ್ಡ ಸಹಾಯವಾಗುತ್ತದೆ.

ತಂದೆ, ಸಿದ್ದಾಪುರದ ಬಳಿಯ ತೋಟ:

ಇಬ್ಬರನ್ನೂ ಕಳುಹಿಸುತ್ತೇನೆ. ಚಿಕ್ಕವಳನ್ನು ಸಂಜೆ ಬೆಳಕಿರುವಾಗಲೇ ವಾಪಸ್ ಕಳುಹಿಸಿ. ಜೀಪು ತೋಟದ ಗೇಟಿನವರೆಗೆ ಬರುವುದೋ, ಮುಖ್ಯರಸ್ತೆಯಲ್ಲಿ ನಿಲ್ಲುವುದೋ ತಿಳಿಸಿದರೆ ನಮ್ಮ ಲೈನಿನ ಇನ್ನಿಬ್ಬರು ಮಕ್ಕಳ ಮನೆಯವರಿಗೂ ಹೇಳುತ್ತೇನೆ.

ಪೋಷಕ, ಕುಶಾಲನಗರ:

ಗೇಟಿನವರೆಗೇ ಬರುತ್ತದೆ. ಲೆಕ್ಕವನ್ನು ನಾನು ನೋಡಿಕೊಳ್ಳುತ್ತೇನೆ. ಯಾವ ಯಾವ ತೋಟದ ಮಕ್ಕಳು ಹತ್ತಬೇಕೆಂಬುದನ್ನು ಶನಿವಾರದ ಅಭ್ಯಾಸದ ವೇಳೆ ನನಗೆ ತಿಳಿಸಿ.